ಒಂದು ಸ್ಕ್ರೂ ಬಾಕಿ

ಮಳೆ ಬಂದರೆ ಕುರುಗೋಡಿನವರು ಮಾಡುವ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾರೆ. ದಿನಾ ಬರುವ ನೆಂಟನಲ್ಲವಲ್ಲ ಅದು! ಆ ಸಂಜೆ ಸುರಿದ ರಭಸಕ್ಕೆ ಕರೆಂಟೂ ಹೋಯಿತು. ಬಳ್ಳಾರಿಯಿಂದ ಬೈಕಿನಲ್ಲಿ ಬಂದಿದ್ದ ಆಸಿಂ ಬೆಳಗಿನಿಂದ ಸಾವಂತ್ರಮ್ಮನ ಬಾಡಿಗೆ ಮನೆಯ ರಿಪೇರಿ ಮಾಡುತ್ತಿದ್ದ. ಕಿಟಕಿಯ ಕೊಂಡಿ, ಅಡುಗೆಮನೆಯ ಹಲಗೆ, ಹಿತ್ತಲ ಮಲ್ಲಿಗೆ ಬಳ್ಳಿಯ ಚಪ್ಪರ, ಎಲ್ಲ ಮುಗಿದಿತ್ತು. ಮುಂಬಾಗಿಲಿಗೆ ಹೊಸ ಚಿಲಕ ಕೂರಿಸಿ, ಜಗ್ಗಿ ನೋಡಿ, ತನಗೆ ತಾನೇ ಭೇಷ್ ಅಂದುಕೊಂಡಿದ್ದ. ಉಳಿದದ್ದು ಬಚ್ಚಲಿನ ನಲ್ಲಿಯೊಂದೇ. ಅದು ಬೆಳಗಿನಿಂದ ಬಕೆಟ್ಟಿಗೆ ಟಪ್ ಟಪ್ ಎಂದು ಹನಿಯುತ್ತಲೇ ಇತ್ತು.

"ಅದೊಂದು ಇವತ್ತ ಮುಗಿಸಿಬಿಡಪ್ಪಾ, ಮತ್ತ ಮತ್ತ ಬರೋ ರಗಳಿ ಬ್ಯಾಡ," ಎಂದಳು ಮನೆಯ ಒಡತಿ ನಾಗಲಕ್ಷ್ಮಿ. ಕೆಲಸ ನೋಡಲು ಬಂದು ಮಳೆಗೆ ಸಿಕ್ಕಿಕೊಂಡಿದ್ದಳು.

"ನಲ್ಲಿ ಮುಟ್ಟಬ್ಯಾಡ," ಎಂದಳು ಸಾವಂತ್ರಮ್ಮ. ಬೆಳಗಿನಿಂದ ಮುದುಕಿಯದು ಇದೇ ಹಟ. ಮೇಣದಬತ್ತಿ ಹಚ್ಚಿ, ಇಬ್ಬರಿಗೂ ಚಹಾ ಕೊಟ್ಟು, ಎದುರಿಗೆ ಕುಳಿತಳು.

"ಯಾಕ ಬ್ಯಾಡ ಅಂತ ಕೇಳ್ತೀರಲ್ಲ, ಕೇಳ್ರಿ ಹಂಗಾದ್ರ... ಸಾಲಿಯಾಗ ಬಿಸಿಯೂಟ ಮಾಡಾಕಿ ನಾನು, ಸಾಲಿ ಬಿಟ್ಟ ಮ್ಯಾಲ ಇಲ್ಲಿಗೆ ಬಂದ್ರ ಮಾತಾಡಾಕ ಗ್ವಾಡಿ ಬಿಟ್ರ ಯಾರಿದ್ರು? ಆವಾಗ ನಿನ್ನಂಗ ರಿಪೇರಿ ಮಾಡಾಂವ ಪಕ್ಕೀರಪ್ಪ ಅಂತ ಒಬ್ಬ ಇದ್ದ, ತಮ್ಮಾ. ನಲ್ಲಿ, ಚಿಲಕ, ಬೇಲಿ, ಏನ್ ಹೇಳಿದ್ರೂ ಮಾಡ್ತಿದ್ದ, ಆದ್ರ ಒಂದು ಸ್ಕ್ರೂ ಅರ್ಧಕ್ಕ ಬಿಟ್ಟು, ಚೀಲ ಹೆಗಲಿಗೆ ಹಾಕ್ಕೊಂಡು, 'ನಾಳಿ ಬರ್ತೀನ್ರಿ' ಅಂತ ಹೊಂಟುಬಿಡ್ತಿದ್ದ. ಬಾಯಿಗೆ ಬಂದಂಗ ಬೈತಿದ್ದೆ. ಆಮ್ಯಾಲ ತಿಳೀತು... ಬ್ಯಾರೇರ ಮನ್ಯಾಗ ಎಲ್ಲಾ ಬಿಗಿಮಾಡಿ ಬರ್ತಿದ್ದ, ನನ್ನ ಮನ್ಯಾಗಷ್ಟ ಒಂದು ಬಾಕಿ. ಅಂವಗೂ ಮನ್ಯಾಗ ಯಾರೂ ಇದ್ದಿಲ್ಲ. ತಿಳಿದ ಮ್ಯಾಲ ನಾನೂ ಬೈಯೋದು ಬಿಟ್ಟೆ, ಮರುದಿನದ ಚಹಾಕ್ಕ ಹಾಲು ತಗದಿಡಾಕ ಹತ್ತಿದೆ. ಆ ವಯಸ್ಸಿನಾಗ ಅದನ್ನ ಬಾಯಿಬಿಟ್ಟು ಹೇಳಾಕ ಆಗತೈತೇನು?"

ತಗಡಿನ ಮೇಲೆ ಮಳೆ ಇನ್ನಷ್ಟು ಜೋರಾಯಿತು. ಆಸಿಂ ಚಹಾ ಕುಡಿಯುವುದನ್ನು ಮರೆತು ಕುಳಿತಿದ್ದ.

"ಒಂದಿನ ಇದ ನಲ್ಲಿ ಹನಿಯೋದು ನೋಡಿ 'ನಾಳಿ ಬರ್ತೀನ್ರಿ' ಅಂದು ಹೋದ. ಮರುದಿನ ಕರೂರು ಹಳ್ಳ್ಯಾಗ ಯಾರದೋ ಮನಿಗೆ ತಗಡು ಹಾಕಾಕ ಏರಿದಾಂವ ಜಾರಿ ಬಿದ್ದ... ಅಲ್ಲೇ ಹೋಗಿಬಿಟ್ಟ. ನಾ ಯಾರ ಮುಂದ ಅಳ್ಲಿ? ಅಂವ ನಿನಗೇನಾಗಬೇಕು ಅಂತ ಕೇಳಿದ್ರ ಏನ್ ಹೇಳ್ಲಿ? ಬಾಗಲಾ ಹಾಕ್ಕೊಂಡು ಕುಂತೆ. ಸಂಜೀಕ, ಅಂವ ಚಹಾಕ್ಕ ಬರೋ ಹೊತ್ತಿಗೆ, ನಲ್ಲಿ ಹನಿಯೋದು ನಿಂತುಹೋತು. ಹೋಗಿ ನೋಡ್ತೀನಿ... ಸಣಬಿನ ನಾರು ಸುತ್ತಿ ಬಿಗಿಮಾಡೇತಿ. ನೀವೆಲ್ಲಾ ಬಿಳಿ ಟೇಪು ಸುತ್ತತೀರಿ, ಈ ಊರಾಗ ನಾರು ಸುತ್ತತಿದ್ದಾಂವ ಅವನೊಬ್ಬನ. ಹೊಳ್ಳಿ ನೋಡಿದ್ರ, ಚಲೋ ಇದ್ದ ಕಿಟಕಿಯ ಒಂದು ಸ್ಕ್ರೂ ಅರ್ಧ ಹೊರಗ ಬಂದಿತ್ತು... ಆವತ್ತಿಂದ ಹಂಗ ನಡದೈತಿ. ಒಂದು ಸರಿಮಾಡ್ತಾನ, ಒಂದು ಬಿಟ್ಟು ಹೋಗ್ತಾನ. ಹಿಂದಕ ಮಂದಿ ದೆವ್ವಕ್ಕ ಅಂಜಿ ಬಾಗಲ ಮ್ಯಾಲ 'ನಾಳೆ ಬಾ' ಅಂತ ಬರೀತಿದ್ರಲ್ಲ? ನನ್ನ ಮನ್ಯಾಗ ದೆವ್ವನ ನಾಳಿ ಬರ್ತೀನಿ ಅಂದು ಹೋಗತೈತಿ. ಅಂಜಿಕಿ ಆಗೂದಿಲ್ಲೇನು ಅಂತೀರಿ? ಆಗತೈತಿ... ಎಲ್ಲಿ ಬರೋದು ಬಿಟ್ಟಾನೋ ಅಂತ. ನೀ ಎಲ್ಲಾ ರಿಪೇರಿ ಮಾಡಿಬಿಟ್ರ ಅಂವ ಏನ್ ನೆವ ಮಾಡ್ಕೊಂಡು ಬರಬೇಕು ತಮ್ಮಾ?"

ನಾಗಲಕ್ಷ್ಮಿ ನಕ್ಕಳು. "ಭಾಳ ಚಂದ ಕತಿ ಕಟ್ಟತೀಯವ್ವಾ ಸಾವಂತ್ರಮ್ಮಾ. ಏಳಪ್ಪಾ, ಆ ನಲ್ಲಿ ನೋಡು."

ಆಸಿಂ ಏಳಲಿಲ್ಲ. ಬಳ್ಳಾರಿಯಲ್ಲಿ ಅವನದೂ ಒಂಟಿ ಕೋಣೆಯೇ. ಬೀಗ ತೆಗೆದು ಒಳಗೆ ಹೋದರೆ "ಬಂದೆಯಾ" ಎನ್ನುವವರಿಲ್ಲ. ಕತೆ ನಿಜವೋ ಸುಳ್ಳೋ, ಮುದುಕಿಯ ಸಂಕಟ ಸುಳ್ಳಲ್ಲ ಎಂದು ಅವನಿಗೆ ಅನಿಸಿತು. ನಲ್ಲಿ ಬಿಗಿಯುವ ಪಾನಾವನ್ನು ಚೀಲಕ್ಕೆ ಹಾಕಿ, "ನಲ್ಲಿ ಹಂಗ ಇರ್ಲಿ ಬಿಡ್ರಿ ಅಕ್ಕಾ, ನಾ ಮುಟ್ಟಂಗಿಲ್ಲ," ಎಂದ.

ಅಷ್ಟರಲ್ಲಿ ಮಳೆ ನಿಂತಿತು. ಮನೆ ನಿಶ್ಶಬ್ದವಾಯಿತು. ಬೆಳಗಿನಿಂದ ಕಿವಿಗೆ ರೂಢಿಯಾಗಿದ್ದ ಟಪ್ ಟಪ್ ಕೂಡ ಇರಲಿಲ್ಲ.

ಆಸಿಂ ಮೊಬೈಲಿನ ಬೆಳಕು ಹಿಡಿದು ಬಚ್ಚಲಿಗೆ ಹೋದ. ನಲ್ಲಿಯಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಅದರ ಬುಡದಲ್ಲಿ ಸಣಬಿನ ನಾರಿನ ತುದಿ ಇಣುಕುತ್ತಿತ್ತು. ಅವನ ಚೀಲದಲ್ಲಿ ಇದ್ದದ್ದು ಬಿಳಿ ಟೇಪು ಮಾತ್ರ.

ಹೊರಗೆ ಓಡಬೇಕೆಂದು ಮುಂಬಾಗಿಲಿಗೆ ಬಂದವನು ಅಲ್ಲೇ ನಿಂತ. ಮಧ್ಯಾಹ್ನ ತಾನೇ ಬಿಗಿದಿದ್ದ ಚಿಲಕದ ಒಂದು ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ನಾಗಲಕ್ಷ್ಮಿಯ ನಗು ಎಲ್ಲಿ ಹೋಯಿತೋ, ಆಕೆ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಆಸಿಂನ ಕೈ ರೂಢಿಯಂತೆ ಸ್ಕ್ರೂಡ್ರೈವರಿಗೆ ಹೋಯಿತು.

ಸಾವಂತ್ರಮ್ಮ ಆಗಲೇ ಉಳಿದ ಹಾಲನ್ನು ಲೋಟಕ್ಕೆ ಬಗ್ಗಿಸಿ, ತಟ್ಟೆ ಮುಚ್ಚಿ, ಗೋಡೆಯ ಗೂಡಿನಲ್ಲಿಡುತ್ತಿದ್ದಳು.

"ಮುಟ್ಟಬ್ಯಾಡ ತಮ್ಮಾ," ಎಂದಳು, ತಿರುಗಿಯೂ ನೋಡದೆ. "ಅದು ನಾಳಿನ ಕೆಲಸ."