ಮುಳ್ಳು ನೋಡೂ ಪ್ಲೇಟು

...ಮುಳ್ಳಂದ್ರ ಎಂಥಾ ಮುಳ್ಳು ಅಂತೀರಿ, ಜಾಲಿ ಮುಳ್ಳು, ಹೊಲದ ಬದುವಿನ್ಯಾಗ ಕಾಲಿಗೆ ಚುಚ್ಚತೈತಲ್ಲ ಅದಾ ಮುಳ್ಳು. ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ. ಗ್ರಾಮೋಫೋನಿಗೆ ಸಣ್ಣ ಉಕ್ಕಿನ ಪಿನ್ನು ಬೇಕಾಕ್ಕಿತ್ತು, ಪ್ಲೇಟಿನ ಮ್ಯಾಲ ಇಟ್ರ ಹಾಡು ಬರೂದು ಅದರಿಂದಾನ. ಎರಡನೇ ದೊಡ್ಡ ಲಡಾಯಿ ಸುರು ಆತು ನೋಡ್ರಿ, ಎಲ್ಲಾ ಕಬ್ಬಿಣ, ಎಲ್ಲಾ ಉಕ್ಕು ಲಡಾಯಿಗೆ ಹೊಂಟು ಹೋತು. ಸಕ್ಕರಿ ಕಂಟ್ರೋಲು, ಚಿಮಣಿ ಎಣ್ಣಿ ಕಂಟ್ರೋಲು, ಅರಬಿ ಕಂಟ್ರೋಲು, ಬೆಳದ ಭತ್ತ ಸೈತ ಸರಕಾರದ ಲೇವಿಗೆ ಅಳದು ಕೊಡಬೇಕು. ಇನ್ನ ಹಾಡಿನ ಪಿನ್ನು ಯಾವನು ಕೊಡತಾನ? ನಾನು ಅದಾ ಆಗ ದುಂಡಸಿಯಿಂದ ಹಾನಗಲ್ಲಿಗೆ ಸೊಸಿಯಾಗಿ ಬಂದಿದ್ದೆ. ಬಂದ ಹೊಸತರಾಗ ನಮ್ಮ ಅತ್ತೆವ್ವ ಒಲಿ ಕಟ್ಟಿ ಮ್ಯಾಲ ಮೊರದಾಗ ಮುಳ್ಳು ಹರವಿದ್ರು. ನಾ ಅಂದೆ, ಇದೇನಪಾ ಈ ಊರಾಗ ಮುಳ್ಳಿನ ಪಲ್ಯಾ ಮಾಡ್ತಾರೋ ಏನೋ ಅಂತ. ಹೌದು, ಹಂಗ ಅನ್ಕೊಂಡಿದ್ದೆ! ಕೇಳಾಕ ನಾಚಿಕಿ. ಆಮ್ಯಾಲೆ ಅತ್ತೆವ್ವನಾ ಹೇಳಿದ್ರು, "ಇವು ನಿಮ್ಮ ಮಾವನ ಮುಳ್ಳು ಅದಾವವಾ. ಪಿನ್ನಿನ ಬದಲಿ ಹಚ್ಚತಾರ, ಚೊಲೋ ಒಣಗಿದ್ರ ಹಾಡು ಛಂದ ಬರತೈತಿ" ಅಂತ.

ಮಾವಗ ಅಂದ್ರ ನಿಮ್ಮ ಮುತ್ತಜ್ಜಗ ಮರಾಠಿ ನಾಟಕದ ಹಾಡಿನ ಹುಚ್ಚು. ಮರಾಠಿ ಬರತಿತ್ತೇನಂದ್ರ ಎಲ್ಲೀದು, ಪ್ಯಾಟ್ಯಾಗ ವ್ಯವಹಾರಕ್ಕ ಬೇಕಾದಷ್ಟು, "ಕಿತಿ", "ಕಾಯ್" ಅಂತ ಎಷ್ಟು, ಏನು ಕೇಳೂವಷ್ಟು. ಆದ್ರ ಹುಬ್ಬಳ್ಳಿಗೆ ನಾಟಕ ಕಂಪನಿ ಬಂತಂದ್ರ ಅಂಗಡಿ ಮಗನ, ಅಂದ್ರ ನಿಮ್ಮಜ್ಜನ, ಕೈಯಾಗ ಕೊಟ್ಟು ಹೊಂಟಬಿಡವರು. ಯಾವದೋ ಚೊಲೋ ಸುಗ್ಗಿ ವರ್ಷ ಗ್ರಾಮೋಫೋನ್ ಪೆಟಗಿ ತಂದಿದ್ರಂತ, ಕೈಲೆ ತಿರುವೂ ಪೆಟಗಿ. ಸಂಜಿಕ ದೀಪಾ ಹಚ್ಚೂ ಹೊತ್ತಿಗೆ ನಮ್ಮ ಪಡಸಾಲಿಯೊಳಗ ದರಬಾರ. ಶಾಲಿ ಮಾಸ್ತರು ಬರವರು. ಅವರಿಗೆ ಮರಾಠಿ ಚೊಲೋ ಬರತಿತ್ತು, ಅರ್ಥಾ ಹೇಳವರು. ಸವಣೂರಿನಿಂದ ವೀಳ್ಯದೆಲಿ ಮಾರಾಕ ಬರತಿದ್ದ ಹುಸೇನಸಾಬ ಸಂತಿ ಮುಗಿಸಿ ಬುಟ್ಟಿ ಬಾಗಲಾಗ ಇಟ್ಟು ಕುಂದ್ರಾಂವ. ಮತ್ತ ಓಣಿಯವರು, ಯಾರರ ಬರವರು. ಬ್ಯಾಡಂತಿದ್ದಿಲ್ಲ ಮಾವ. "ಹಾಡು ಒಬ್ಬನಾ ಕೇಳಿದ್ರ ದಕ್ಕೂದಿಲ್ಲಪಾ" ಅನ್ನವರು. ಒಂದು ಪ್ಲೇಟು ಮುಗೀತಂದ್ರ ಮಾಸ್ತರು ಕಣ್ಣು ಮುಚ್ಚಿ "ಅಹಾಹಾ, ಆಕಿ ಏನಂದ್ಲು ಗೊತ್ತಾತೇನ್ರಿ" ಅನ್ನವರು, ಹುಸೇನಸಾಬ "ಗೊತ್ತಾಗದಿದ್ರ ಏನಾತ್ರೀ ಮಾಸ್ತರ, ಎದಿಗೆ ಬಂತಲ್ಲ" ಅನ್ನಾಂವ. ಹಿಂಗ ನಡೀತಿತ್ತು. ನಾವು ಒಳಗ. ಒಳಗಂದ್ರ ಅಡಗಿಮನಿ. ಬೆಲ್ಲದ ಚಾ ಕುದಿಸಿ ಅತ್ತೆವ್ವ ತಾಟು ಹೊಸ್ತಿಲದ ಆಚಿಗೆ ಸರಸವರು, ಯಾರೋ ಒಬ್ಬರು ಎತಗೊಳ್ಳವರು. ಹೊಸಾ ಸೊಸಿ ನಾ ಅಂತೂ ಹೊಸ್ತಿಲತನಕಾನೂ ಬರೂ ಹಂಗಿಲ್ಲ.

ಹಾಂ, ಮುಳ್ಳಿನ ಮಾತು. ಮುಳ್ಳಿನ್ಯಾಗ ಒಂದು ತಕರಾರು ಏನಂದ್ರ, ಒಂದರ ಹಂಗ ಒಂದು ಇರೂದಿಲ್ಲ. ಒಂದು ಮೆತ್ತಗ, ಒಂದು ಗಂಟು. ಗಂಟಿಂದು ಹಾಕಿದ್ರ ಕಿರ್ ಅಂತ ಪ್ಲೇಟು ಕೆರದು ಬಿಡೂದು. ಆವಾಗ ಪ್ಲೇಟಂದ್ರ ಬಂಗಾರ. ಅದಕ್ಕ ಮಾವ ಏನು ಮಾಡತಿದ್ರು, ಮಂದಿ ಬರೂಕಿಂತ ಮೊದಲು ಚಾಕುಲೆ ಮುಳ್ಳು ಕೆತ್ತಿ ಒಂದು ಹಳೇ ಪ್ಲೇಟಿನ ಮ್ಯಾಲ ಇಟ್ಟು ನೋಡವರು. ಅದರ ನಡುವಿನ ಕಾಗದಾ ಮಳಿಗಾಲದ ಥಂಡಿಗೆ ಯಾವಾಗೋ ಉಚ್ಚಿ ಹೋಗಿತ್ತು, ಹೆಸರಿಲ್ಲ ಏನಿಲ್ಲ. ಒಂದು ಮಗ್ಗಲ ಪೂರಾ ಓಡಿಸಬೇಕು, ಆಗ ಮುಳ್ಳು ಪಳಗತೈತಿ, ಆಮ್ಯಾಲೆ ಚೊಲೋ ಪ್ಲೇಟಿಗೆ ಹಾಕಬೇಕು ಅನ್ನವರು. ಅದಕ್ಕ ಮನ್ಯಾಗ ಎಲ್ಲಾರೂ ಅದನ್ನ ಮುಳ್ಳು ನೋಡೂ ಪ್ಲೇಟು ಅಂತಿದ್ರು. ದಿನಾ ಸಂಜಿಕ ಮೊದಲು ಅದು. ಒಬ್ಬಾಕಿ ಹೆಣ್ಣಮಗಳು ಹಾಡತಿದ್ಲು... ಇಲ್ಲ ಇಲ್ಲ, ಹೆಣ್ಣಲ್ಲ, ಹೆಣ್ಣಿನ ಪಾರ್ಟು ಮಾಡೂ ಗಂಡಸಂತ, ಅದು ನನಗ ಆಮ್ಯಾಲೆ ಗೊತ್ತಾಗಿದ್ದು. ಮಾವ ಪೆಟಗಿಗೆ ಕಿವಿ ಹಚ್ಚಿ ಕುಂತು ನಿಮ್ಮಜ್ಜಗ ಅನ್ನವರು, "ಕಿರ್ ಅಂತೈತೇನು ನೋಡು, ಇಲ್ಲಲ್ಲ? ಈ ಮುಳ್ಳು ಬರೋಬರಿ ಐತಿ. ತಗಿ ಅದನ್ನ, ಮಾಸ್ತರು ಬಂದ್ರು."

ಮುಂದ ಒಂದಿನ ಏನಾತು, ಹುಸೇನಸಾಬ ಹುಬ್ಬಳ್ಳಿಗೆ ಹೋಗಿ ಬಂದು ಹೇಳಿದ, "ಸಾವಕಾರ್ರ, ಒಂದು ಹೊಸಾ ಪ್ಲೇಟು ಬಂದೈತಿ. ಅಂಗಡಿ ಮುಂದ ನಿಂತು ಕೇಳಿ ನನ್ನ ಗಾಡಿ ತಪ್ಪಿಸಿಕೊಂಡ್ನಿ ನೋಡ್ರಿ" ಅಂತ. ಮಾವಗ ನಿದ್ದಿ ಹತ್ತಲಿಲ್ಲ. ಆದ್ರ ಪ್ಲೇಟು ಸುಮ್ಮ ಸಿಗತಿದ್ದಿಲ್ಲ. ಪ್ಲೇಟು ಮಾಡೂ ಅರಗೂ ಲಡಾಯಿಗೆ ಹೊಂಟಿತ್ತಂತ. ಹೊಸಾದು ಬೇಕಂದ್ರ ರೊಕ್ಕಾನೂ ಕೊಡಬೇಕು, ಮನ್ಯಾಗಿನ ಹಳೇ ಪ್ಲೇಟು ಎರಡು ತಂದು ಹಾಕಬೇಕು. ಅಂಗಡಿಯಾಂವ ಅಲ್ಲೇ ಕಣ್ಣ ಮುಂದನ ಮುರದು ಚೀಲದಾಗ ತುಂಬತಿದ್ದ, ಕರಗಸಾಕ ಕಳಸವರಂತ. ಎಂಥಾ ಕಾಲ ನೋಡ್ರಿ, ಒಂದು ಹಾಡು ಹುಟ್ಟಬೇಕಂದ್ರ ಎರಡು ಹಾಡು ಸಾಯಬೇಕು.

ಈಗ ಯಾವ ಪ್ಲೇಟು ಕೊಡೂದು? ಪಡಸಾಲ್ಯಾಗ ಪಂಚಾಯತಿ ಕೂಡಿತು. ಪ್ಲೇಟು ಎಲ್ಲಾ ಜಮಖಾನಿ ಮ್ಯಾಲ ಇಟಗೊಂಡು ಕುಂತ್ರು. ನಾವು ಒಳಗಿಂದ ಕೇಳಾಕತ್ತೇವಿ. ಮಾವ ಒಂದು ಎತ್ತಿದ್ರು, ಮಾಸ್ತರು "ಅಯ್ಯಯ್ಯ, ಅದನ್ನ ಮುಟ್ಟಬ್ಯಾಡ್ರಿ, ಅದರಾಗಿನ ಅರ್ಥಾ ಎಲ್ಲೂ ಸಿಗೂದಿಲ್ಲ" ಅಂದ್ರು. ಇನ್ನೊಂದು ಎತ್ತಿದ್ರು, ಹುಸೇನಸಾಬ "ಅದು ಹೋದ್ರ ನಾ ಬರೂದಾ ಬಿಡತೇನ್ರಿ" ಅಂದ. ಮತ್ತೊಂದು ಎತ್ತಿದ್ರ ನಿಮ್ಮಜ್ಜ "ಅಪ್ಪಾ, ಅದು ಇರಲಿ" ಅಂದ್ರು. ಅದು ನಗಸೂ ಪ್ಲೇಟು, ಒಬ್ಬಾಂವ ಕುಡಕನ ಹಂಗ ಹಾಡತಿದ್ದ. ನಿಮ್ಮಜ್ಜನ ಅಭಿರುಚಿ ಅಷ್ಟಾ ಬಿಡ್ರಿ. ಹಿಂಗ ಒಬ್ಬೊಬ್ಬರು ಒಂದೊಂದು ಅವಚಿಕೊಂಡು ಕುಂತ್ರು. ಕಡೀಕ ಒಂದು ಸೀಳು ಬಿಟ್ಟಿದ್ದು ಸಿಕ್ಕಿತು. ಇನ್ನೊಂದು? ಎಲ್ಲಾರೂ ಕೂಡೇ ಅಂದ್ರು, "ಮುಳ್ಳು ನೋಡೂ ಪ್ಲೇಟು ಐತಲ್ಲ! ಅದನ್ನ ಯಾರು ಕೇಳತಾರ?" ಆತು, ಮುಗೀತು. ಅತ್ತೆವ್ವ ಅದಾ ಹೊತ್ತಿನ್ಯಾಗ ಚಾದ ತಾಟು ಹಿಡಕೊಂಡು ಹೊಸ್ತಿಲದಾಗ ನಿಂತಿದ್ರು. ನಾ ನೋಡೇ ನೋಡೇನಿ, ತಾಟು ಇಡಲಿಲ್ಲ, ಹಂಗ ನಿಂತ್ರು ಭಾಳ ಹೊತ್ತು. ಆಮ್ಯಾಲೆ ಇಟ್ಟು ಒಳಗ ಬಂದು ಹಿಟ್ಟು ನಾದಾಕ ಕುಂತ್ರು. ಕಾಲು ನೋಸಾಕತ್ತಾವೇನೋ ಅನ್ಕೊಂಡೆ ನಾನು.

ಮಾವ ಹುಬ್ಬಳ್ಳಿಗೆ ಹೋದ್ರು. ಆವಾಗ ಮೋಟಾರು ಇದ್ದಲಿ ಉರಿಸಿ ಓಡಸತಿದ್ರು, ಪೆಟ್ರೋಲ್ ಎಲ್ಲೀದು. ಶಿಗ್ಗಾಂವಿ ಏರಿನ್ಯಾಗ ಮಂದಿ ಎಲ್ಲಾ ಇಳದು ದೂಡಬೇಕಾಕ್ಕಿತ್ತು. ಮಾವ ಮಸಿ ಮಾರಿ ಮಾಡಕೊಂಡು ಬಂದ್ರು, ಆದ್ರ ಬಗಲಾಗ ಹೊಸಾ ಪ್ಲೇಟು. ಆ ದಿನ ಸಂಜಿಕ ನಮ್ಮ ಮನಿ ಮುಂದ ಕಾಲಿಡಾಕ ಜಾಗಾ ಇದ್ದಿಲ್ಲ. ಮಾವ ನಿಮ್ಮಜ್ಜನ ನಗಸೂ ಪ್ಲೇಟಿನ ಮ್ಯಾಲ ಮುಳ್ಳು ನೋಡಿದ್ರು. ಒಳಗ ಅತ್ತೆವ್ವನ ಕೈಯಾಗ ರೊಟ್ಟಿ. ಬಡಿಯೂ ಕೈ ನಿಂತು ಬಿಡ್ತು. ಹಂಚು ಕಾದು ಹೊಗಿ ಎದ್ದೈತಿ. ನಾ ಅಂದೆ, "ಅತ್ತೆವ್ವ, ಹಂಚು ಕಾದೈತ್ರಿ. ಯಾಕ್ರಿ, ಮೈಯಾಗ ಆರಾಮ ಇಲ್ಲೇನ್ರಿ?" ಅವರು ನನ್ನ ಕಡೆ ನೋಡದಾ ಅಂದ್ರು, "ನನ್ನ ಹಾಡು ಹೋತು ನೋಡವಾ."

ನನಗ ತಿಳೀಲಿಲ್ಲ. ಆಮ್ಯಾಲೆ ರೊಟ್ಟಿ ಬಡಕೋತ ಬಡಕೋತ ಹೇಳಿದ್ರು. ಅವರ ತವರಮನಿ ಸವಣೂರು. ಸಣ್ಣಾಕಿ ಇದ್ದಾಗ ಸವಣೂರಿಗೆ ಮರಾಠಿ ಕಂಪನಿ ಬಂದಿತ್ತಂತ, ಅವರಪ್ಪ ಕರಕೊಂಡು ಹೋಗಿದ್ದ. ಜೀವಮಾನದಾಗ ನೋಡಿದ್ದು ಅದೊಂದಾ ನಾಟಕ. ಹಸಿರು ಸೀರಿ ಉಟಗೊಂಡಾಕಿ ಬಾಗಲಾಗ ನಿಂತು ಹಾಡಿದ್ಲಂತ, ಮಗ್ಗಲಾಗ ಕುಂತ ಅಪ್ಪ ಕಣ್ಣು ಒರಸಿಕೊಂಡನಂತ. "ನಮ್ಮಪ್ಪ ಅತ್ತಿದ್ದು ನಾ ಅದೊಂದಾ ಸಲ ನೋಡಿದ್ದವಾ. ನಗು ಬಂದಿತ್ತು ನನಗ. ಆಮ್ಯಾಲೆ ನನ್ನ ಮದವಿ ಆತು, ಅಪ್ಪ ತೀರಿಕೊಂಡ. ನಿಮ್ಮ ಮಾವ ಪೆಟಗಿ ತಂದು ಮೊದಲನೇ ದಿನಾ ಅದಾ ಹಾಡು ಹಚ್ಚಿದ್ರು. ಒಳಗ ಕುಂತು ಗುರುತು ಹಿಡದ್ನಿ. ಮುಳ್ಳು ಬಂದ ಮ್ಯಾಲಂತೂ ದಿನಾ ದೀಪಾ ಹಚ್ಚೂ ಮುಂದ ಕೇಳೇನಿ" ಅಂದ್ರು. ಏನು ಹೇಳ್ಲಿ ಹುಡುಗೋರ್ಯಾ! ಅವತ್ತ ರಾತ್ರಿನಾ ನಾ ನಿಮ್ಮಜ್ಜಗ ಹೇಳಿದೆ, ನಿಮ್ಮಜ್ಜ ಮಾವಗ ಹೇಳಿದ್ರು.

ಮರದಿನ ಮಾವ ಅಡಗಿಮನಿ ಬಾಗಲಿಗೆ ಬಂದು ನಿಂತ್ರು. ಆ ಮನಶಾ ಅಡಗಿಮನಿ ಬಾಗಲಿಗೆ ಬಂದಿದ್ದು ನಾ ನೋಡಿದ್ದಾ ಇಲ್ಲ, ಊಟ ಸೈತ ಪಡಸಾಲ್ಯಾಗ. ಸಿಟ್ಟಿಲೆ ಅಂದ್ರು, ಸಿಟ್ಟಂದ್ರ ಅವರಿಗೆ ಅಳು ಬಂದ್ರೂ ಸಿಟ್ಟಾ ಬರತಿತ್ತು, "ಬಾಯಿ ಇದ್ದಿದ್ದಿಲ್ಲೇನು ನಿನಗ? ಬ್ಯಾಡ ಅಂತ ಒಂದು ಮಾತು ಅನ್ನಬಾರದಾಗಿತ್ತೇನು?" ಅತ್ತೆವ್ವ ಸೆರಗು ಸರಿ ಮಾಡಿಕೊಂಡು ಅಂದ್ರು, "ನೀವು ಮುಳ್ಳು ನೋಡಾಕ ಹಚ್ಚತಿದ್ರಿ. ಅದನ್ನ ನಂದು ಅಂತ ಹೆಂಗ ಹೇಳ್ಲಿ?" ಅಷ್ಟಾ.

ಅಲ್ಲಿಂದ ಮಾವ ಹುಡಕಾಕ ಸುರು ಮಾಡಿದ್ರು ನೋಡ್ರಿ. ಹುಬ್ಬಳ್ಳಿಗೆ ಹೋದ್ರು. ಅಂಗಡಿಯಾಂವ ಕೇಳಿದ, "ಯಾವ ಹಾಡ್ರಿ?" ಹೆಸರು ಗೊತ್ತಿಲ್ಲ. "ಯಾವ ನಾಟಕ?" ಗೊತ್ತಿಲ್ಲ. "ಧಾಟಿ ಹೆಂಗೈತಿ, ಒಂದೀಟು ಗುನುಗರಿ, ಹೇಳ್ತೇನಿ." ಮಾವ ಬಾಯಿ ತಗದ್ರು, ಬರಲಿಲ್ಲ! ದಿನಾ ಹಚ್ಚಿದ ಹಾಡು, ಒಂದು ಸಾಲು ಬರಲಿಲ್ಲ. ಮಾಸ್ತರಿಗೆ ಕೇಳಿದ್ರ, ಅವರು ಬರೂದ್ರಾಗ ಆ ಪ್ಲೇಟು ಮುಗದಿರತಿತ್ತು. ನಿಮ್ಮಜ್ಜಗ ಕೇಳಿದ್ರ ತಲಿ ಕೆರಕೊಂಡ್ರು. ಇನ್ನ ನಾನು, ನಾ ಅಡಗಿಮನ್ಯಾಗ ಅತ್ತೆವ್ವನ ಮಗ್ಗಲಾಗ ಕುಂತಾಕಿ, ನನಗರ ನೆನಪಿತ್ತೇನು? ಕೊಬ್ಬರಿ ಚಟ್ನಿ ಅರಿಯೂ ಸಪ್ಪಳದಾಗ ಏನು ಕೇಳಸ್ತೈತಿ. ಆ ಹಾಡು ಗೊತ್ತಿದ್ದದ್ದು ಇಡೀ ಮನ್ಯಾಗ ಅತ್ತೆವ್ವಗ ಒಬ್ಬಾಕಿಗೆ.

ಹಿರೇಕೆರೂರಾಗ ಒಬ್ಬರು ವಕೀಲರ ಮನ್ಯಾಗ ಮರಾಠಿ ಪ್ಲೇಟು ರಾಶಿ ಅದಾವಂತ ಸುದ್ದಿ ಬಂತು. ಮಾವ ಚಕ್ಕಡಿ ಕಟ್ಟಿಸಿಕೊಂಡು ಹೋದ್ರು, ನಿಮ್ಮಜ್ಜನೂ ಹೋಗಿದ್ರು ಕೂಡ. ಪಾಪ, ಭಾಳ ಚೊಲೋ ಮನಶಾರು ಅವರು. ಕುಂದ್ರಿಸಿ, ಅಲ್ಪೋಪಹಾರ ಮಾಡಿಸಿ, ಒಂದರ ಮ್ಯಾಲ ಒಂದು ಹಚ್ಚಿದ್ರಂತ. "ಇದೇನ್ರಿ?" "ಗೊತ್ತಾಗಲಿಲ್ರಿ." "ಮತ್ತ ಇದು?" "ಇರಬಹುದ್ರಿ... ಅಲ್ಲೇನೋ." ಒಂದು ಹಾಡಿಗೆ ಮಾವ "ಇದಾ, ಇದಾ!" ಅಂದ್ರಂತ, ಅರ್ಧಾ ಆಗೂದ್ರಾಗ "ಅಲ್ಲ ಬಿಡ್ರಿ" ಅಂತ ತಲಿ ಕೆಳಗ ಹಾಕಿದ್ರಂತ. ಬರೂವಾಗ ದಾರ‍್ಯಾಗ ಏನೇನೋ ಗುನುಗಿ ನೋಡಿದ್ರಂತ, ಒಂದೂ ಕೂಡಲಿಲ್ಲಂತ.

ಮನಿಗೆ ಬಂದು ಅತ್ತೆವ್ವನ ಮುಂದ ಕುಂತ್ರು. "ಒಂದು ಸಲ ಗುನುಗು, ಧಾಟಿ ತಿಳಕೊಂಡು ಹೋಗ್ತೇನಿ" ಅಂದ್ರು. ಅತ್ತೆವ್ವ ಸೆರಗು ಬಾಯಿಗೆ ಹಿಡಕೊಂಡು ನಕ್ಕ ನಕ್ಕರು. "ಅಯ್ಯ ಶಿವನ, ಈ ವಯಸ್ಸಿನ್ಯಾಗ ನಾಟಕದ ಹಾಡು ಹಾಡ್ಲೇನು? ಸೊಸಿ ಅದಾಳ ಮನ್ಯಾಗ." ನಾ ಕೊಡಾ ತಗೊಂಡು ಹಿತ್ತಲಕ್ಕ ಹೋದೆ. ಕಿವಿ ಇತ್ತಲಾಗ ಇಟಗೊಂಡು ನಿಂತೆ. ಉಹುಂ. ಸಪ್ಪಳಿಲ್ಲ. ಆಗಿನ ಕಾಲಕ್ಕ ನಮ್ಮಂಥಾ ಮನಿ ಹೆಣ್ಣಮಕ್ಕಳು ಬೀಸೂ ಹಾಡು ಹಾಡಬಹುದು, ಜೋಗುಳ ಹಾಡಬಹುದು, ನಾಟಕದ ಹಾಡಂದ್ರ ಮುಗೀತು. ಮಾವ ಮತ್ತ ಕೇಳಿದ್ರು, "ಹಂಗಾದ್ರ ನೀನಾ ಬಾ ಹಿರೇಕೆರೂರಿಗೆ. ಒಳಗ ಹೆಣ್ಣಮಕ್ಕಳ ಕೂಡ ಕುಂದ್ರು, ಅವರು ಹಚ್ಚತಾರ, ನೀ ಹೂಂ ಅನ್ನು, ಅಷ್ಟಾ." ಭಾಳ ಹೇಳಿದ ಮ್ಯಾಲ ಅತ್ತೆವ್ವ ಅಂದ್ರು, "ಆತು, ದೀಪಾವಳಿ ಆಗ್ಲಿ, ಬರತೇನಿ." ಖುಷಿ ಆಗಿತ್ತು ಅವರಿಗೆ, ನನಗ ಗೊತ್ತು. ಆ ವಾರ ಟ್ರಂಕಿನ್ಯಾಗಿನ ಚೊಲೋ ಸೀರಿ ತಗದು ಬಿಸಲಿಗೆ ಹಾಕಿದ್ರು.

ಆ ವರ್ಷ ಮಳಿ ಭಾಳ ಆತು. ಕೆರಿ ತುಂಬಿ ಗದ್ದ್ಯಾಗೆಲ್ಲಾ ನೀರು, ನಮ್ಮ ಹಾನಗಲ್ಲ ಸೀಮ್ಯಾಗ ಮಲೇರಿಯಾ ಮನಿಮನಿಗೂ ಹೊಕ್ಕಿತು, ಅತ್ತೆವ್ವನೂ ಹಾಸಿಗಿ ಹಿಡದ್ರು. ಕ್ವಿನೈನ್ ಗುಳಿಗಿ? ಅದೂ ಲಡಾಯಿಗೆ! ಹುಸೇನಸಾಬ ಸವಣೂರಾಗ ಹುಡುಕಿದ, ನಿಮ್ಮಜ್ಜ ಶಿಗ್ಗಾಂವಿ ತನಕಾ ಹೋಗಿ ಬಂದ್ರು, ಸಿಗಲಿಲ್ಲ. ದೀಪಾವಳಿ ಇನ್ನೂ ಮುಂದಿತ್ತು, ಅತ್ತೆವ್ವ ಹೋಗಿಬಿಟ್ರು.

ದಿನಕರ್ಮ ಎಲ್ಲಾ ಮುಗದ ಮ್ಯಾಲ ಮಾಸ್ತರು ಬಂದು ಮಾವನ ಮಗ್ಗಲಾಗ ಕುಂತು ಸಮಾಧಾನ ಹೇಳಿದ್ರು, "ಲಡಾಯಿ ಮುಗೀಲಿ ಸಾವಕಾರ್ರ, ಎಲ್ಲಾ ಹಳೇ ಪ್ಲೇಟು ಮತ್ತ ಬರತಾವ, ಆ ಹಾಡೂ ಬರತೈತಿ." ಮಾವ ಅಂದ್ರು, "ಬರತೈತ್ರಿ ಮಾಸ್ತರ. ಬಂದ್ರ ಇದಾ ಅಂತ ಹೇಳವರು ಯಾರು? ದಿನಾ ಹಚ್ಚೇನಿ ನಾನು, ಕಿವಿ ಹಚ್ಚಿ ಕುಂತೇನಿ. ಮುಳ್ಳು ಕೇಳೇನಿ, ಹಾಡು ಕೇಳಲಿಲ್ಲ." ಒಳಗ ನಾ ರೊಟ್ಟಿ ಬಡಿಯಾಕತ್ತಿದ್ದೆ, ಅವರ ಜಾಗಾದಾಗ ಕುಂತು. ಅವತ್ತು ಅತ್ತಷ್ಟು ನಾ ನನ್ನ ತವರು ಬಿಟ್ಟು ಬರೂವಾಗೂ ಅತ್ತಿದ್ದಿಲ್ಲ.

ಈಗೂ ರೇಡಿಯೋದಾಗ ಮರಾಠಿ ನಾಟಕದ ಹಾಡು ಬಂತಂದ್ರ ನನ್ನ ಕೈ ನಿಲ್ಲತೈತಿ. ಇದಾ ಏನೋ ಅಂತೇನಿ. ಇದ್ರೂ ಇರಬಹುದು, ನನಗ ಹೆಂಗ ಗೊತ್ತಾಕೈತಿ. ಅದಕ್ಕ ಹೇಳೂದು, ಮನ್ಯಾಗಿಂದು ಏನರ ತಗದು ಕೊಡೂ ಮುಂದ, ಅದು ಎಷ್ಟಾ ಹಳೇದಿರಲಿ, ಅಡಗಿಮನಿಗೆ ಹೋಗಿ ಒಂದು ಮಾತು ಕೇಳ್ರಿ. ಹೊರಗ ನಿಂತು ಒದರಬ್ಯಾಡ್ರಿ, ಒಳಗ ಹೋಗಿ ಕೇಳ್ರಿ. ಏಳ್ರಿನ್ನ, ನಿಮ್ಮವ್ವ ಒಬ್ಬಾಕಿನಾ ಒಳಗ ಅದಾಳ.