ಬ್ಲ್ಯಾಕ್ ಪುಡಿಂಗ್ ಇಳಿದ ಗಂಟಲು

೧೯೯೮ರ ಚಳಿಗಾಲ. ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ ಊರಿನ ಬಸ್‌ಸ್ಟಾಪಿನಲ್ಲಿ ನನ್ನ ಮುಂದೆ ಇಬ್ಬರು ಕನ್ನಡದ ಎಂಜಿನಿಯರುಗಳು ನಿಂತಿದ್ದರು, ಒಂದೇ ಬಾಡಿಗೆ ಮನೆಯವರು.

“ಶ್ರೀಕರ, ನಿನ್ನೆ ಇಂಗ್ಲಿಷ್ ಬಾಸಿನ ಮನೆಯಲ್ಲಿ ತಿಂದ ಬ್ಲ್ಯಾಕ್ ಪುಡಿಂಗ್ ಎಂತದ್ದು ಗೊತ್ತುಂಟಾ?”

“ಗೊತ್ತು ಪೂವಪ್ಪ. ಹಂದಿ ರಕ್ತದ ಸಾಸೇಜು. ವಾಂತಿ ಬರೋ ಹಾಗಾಯ್ತು, ಅವರ ಬೆಚ್ಚಗಿನ ಬಿಯರ್ ಕುಡಿದು ನುಂಗಿದೆ.”

“ಮತ್ತೆ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡೆಯಲ್ಲ ಮಾರಾಯ!”

“ಅವರಿಗೆ ಬೇಜಾರಾಗಬಾರದಲ್ವಾ?”

“ಹಾಗಾದ್ರೆ ಇವತ್ತಿನಿಂದ ನಾನು ಇಬ್ಬರಿಗೂ ಒಟ್ಟಿಗೆ ಅನ್ನ ಇಡ್ತೇನೆ. ನೀನು ಬೇರೆ ಪಾತ್ರೆಯಲ್ಲಿ ಮಾಡುವುದು ಬೇಡ.”

“ಅದು ಬೇರೆ ಕಣೋ. ಜಾತಿ ಅಂತಲ್ಲ, ಮನೇಲಿ ಬೆಳೆಸಿದ ರೀತಿ ಹಾಗೆ.”

“ಹಂದಿಯ ರಕ್ತ ಇಳಿದ ಗಂಟಲಲ್ಲಿ ನಾನು ಬೇಯಿಸಿದ ಅನ್ನ ಇಳಿಯುದಿಲ್ವಾ?”

ಬಸ್ಸು ಬಂತು. ಶ್ರೀಕರ ಕಿಟಕಿಯ ಪಕ್ಕ ಕುಳಿತು ತನ್ನ ಬಳಿಯ ಖಾಲಿ ಸೀಟು ತೋರಿಸಿದ. ಪೂವಪ್ಪ ಕಂಬಿ ಹಿಡಿದು ದಾರಿಯುದ್ದಕ್ಕೂ ನಿಂತೇ ಹೋದ.