ಮೂರು ಸಲ ನಿಂತೆ

ತಪ್ಪು ಅಜ್ಮತ್ ಮೇಷ್ಟ್ರೇ, ತಪ್ಪು! ಮೂವತ್ತಮೂರು ನಿಮಿಷ ಇಪ್ಪತ್ತು ಸೆಕೆಂಡ್ ಅಂತ ಬರೀಬೇಡಿ. ಪೆನ್ನು ಎತ್ತಿ... ಎತ್ತಿ ಅಂದೆ!

ನೀರು ಬೇಡ. ಕೂರೋದೂ ಬೇಡ. ಮೊದಲು ಇದು ಇತ್ಯರ್ಥ ಆಗ್ಲಿ.

ಐದು ಕಿಲೋಮೀಟರ್ ಓಡಿ ಬಂದಿದ್ದೇನೆ. ಅರವತ್ತೆಂಟು ವರ್ಷ ನನಗೆ. ಜನವರಿ ಇಪ್ಪತ್ತಾರು ಅಂದ್ರೆ ನರಸಿಂಹರಾಜಪುರದಲ್ಲಿ ಈ ಓಟ, ಓಟ ಅಂದ್ರೆ ಈ ಹೂವಪ್ಪ. ಹೋದ ವರ್ಷ ಮೂವತ್ತೊಂದು ನಿಮಿಷ ಹತ್ತು ಸೆಕೆಂಡ್. ಜನ್ಮದಲ್ಲೇ ಅದಕ್ಕಿಂತ ಬೇಗ ಓಡಿಲ್ಲ. ಈ ಸಲ ಅದನ್ನ ಮುರೀಬೇಕು ಅಂತ ಮೂರು ತಿಂಗಳು ಕಾಫಿ ಬಿಟ್ಟೆ. ಕಾಫಿ, ಮೇಷ್ಟ್ರೇ! ಕೊಪ್ಪದಲ್ಲಿ ಹುಟ್ಟಿದವನು ಕಾಫಿ ಬಿಟ್ಟೆ!

ಯಾಕೆ ನಗ್ತೀರಿ?

ನಿಯಮ ಯಾರದ್ದು? ನಿಮ್ಮದೇ. ಓಟಕ್ಕೆ ವಾಚು ಹಿಡಿಯೋರೂ ನೀವು, ನಿಯಮ ಮಾಡಿದ್ದೂ ನೀವು. ದಾರಿಯ ಶಾಲೆಯಲ್ಲಿ ಬಾವುಟ ಹಾರಿಸಿ ಜನಗಣಮನ ಶುರುವಾದ್ರೆ ಓಡೋನು ನಿಲ್ಲಬೇಕು. ನಿಂತವನಿಗೆ ಐವತ್ತೆರಡು ಸೆಕೆಂಡ್ ಕಳೀಬೇಕು. ಹೌದಾ? ಹೌದು. ನಾನು ನಿಂತೆ. ನನ್ನ ಹಿಂದೆ ಓಡ್ತಿದ್ದ ಆ ಹುಡುಗ ಯೋಗೇಶ ನಿಂತನಾ? ಕಿವಿಗೆ ಅದೆಂತದೋ ತುರುಕಿಕೊಂಡು ಪಕ್ಕದಲ್ಲೇ ಓಡಿಹೋದ! ಸಾಲದ್ದಕ್ಕೆ ‘ಸುಸ್ತಾಯ್ತಾ ಅಜ್ಜಾ?’ ಅಂತಾನೆ. ಅಜ್ಜ!

ಒಂದು ಸಲ ಅಲ್ಲ, ಮೂರು ಸಲ ನಿಂತೆ. ಒಂದೊಂದು ಶಾಲೆಗೆ ಒಂದೊಂದು ಗಡಿಯಾರ, ನಾನೇನ್ಮಾಡ್ಲಿ? ನಾನು ಹೋದಲ್ಲೆಲ್ಲ ಜನಗಣಮನ! ಮೂರು ಐವತ್ತೆರಡಲಿ ನೂರೈವತ್ತಾರು. ಎರಡು ನಿಮಿಷ ಮೂವತ್ತಾರು ಸೆಕೆಂಡ್. ಕಳೀರಿ. ಮೂವತ್ತು ನಿಮಿಷ ನಲವತ್ತನಾಲ್ಕು! ಮುರಿದೆನೋ ಇಲ್ವೋ?

ಎಂತ? ಯಾವ್ಯಾವ ಶಾಲೆ ಅಂತಲಾ?

ಕೆರೆ ಹತ್ತಿರದ ಹೈಸ್ಕೂಲು, ಒಂದು. ಪೇಟೆ ದಾಟಿದ ಮೇಲೆ ಕಾನ್ವೆಂಟು, ಎರಡು. ಆಮೇಲೆ ಏರು ಹತ್ತಿದ ಕೂಡ್ಲೆ ನಿಮ್ಮ ಕನ್ನಡ ಶಾಲೆ. ಪ್ರತಿ ವರ್ಷ ನಿಲ್ಲೋದೇ ಅಲ್ವಾ ಅಲ್ಲಿ? ಹದಿನೈದು ಮಕ್ಕಳಾದ್ರೂ ಏನು ದನಿ! ಸಾಲಾಗಿ ನಿಂತು...

ಬರೀರಿ.

ಯಾಕೆ ಬರೀತಿಲ್ಲ?

ಕನ್ನಡಕ ಯಾಕೆ ತೆಗೆದ್ರಿ ಈಗ? ಮಾರಾಯ್ರೇ, ಸುಳ್ಳ ಅನ್ನಿ. ಬೈಯಿರಿ.

...ಗೊತ್ತು. ಗೊತ್ತು ಮೇಷ್ಟ್ರೇ. ಜೂನಿಂದ ಬೀಗ. ಮಕ್ಕಳಿಲ್ಲ ಅಂತ ಮುಚ್ಚಿದ್ರು. ಮೂವತ್ತು ವರ್ಷ ನೀವು ಪಾಠ ಮಾಡಿದ ಶಾಲೆ. ಬೀಗ ಬಿದ್ದ ದಿನ ನಿಮ್ಮ ಜೊತೆ ನಾನೂ ಅಲ್ಲೇ ಇದ್ದೆ. ಬಾಯಿಗೆ ಬಂತು, ಹೇಳಿಬಿಟ್ಟೆ.

ಯಾರು ಹಾಡ್ತಾರೆ ಅಲ್ಲಿ? ಬಾವುಟದ ಕಂಬದಲ್ಲಿ ಹಗ್ಗ ಕೂಡ ಇಲ್ಲ. ಏರಿನಲ್ಲಿ ಉಸಿರು ಕಟ್ತು, ಗೇಟು ಹಿಡ್ಕೊಂಡು ನಿಂತೆ. ಅಷ್ಟೇ. ಯೋಗೇಶ ‘ಸುಸ್ತಾಯ್ತಾ’ ಅಂತ ಕೇಳಿದ್ದು ಅಲ್ಲೇ.

ಎರಡೇ ಕಳೀರಿ. ಮೂವತ್ತೊಂದು ಮೂವತ್ತಾರು. ಮುರೀಲಿಲ್ಲ.

ಕೊಡಿ ಆ ಪೆನ್ನು. ನೀವು ಕನ್ನಡಕ ಒರೆಸ್ಕೊಳ್ಳಿ. ನಾನೇ ಬರೀತೇನೆ.